ಪಾತ್ರೆ ತೊಳೆದ ಕೈಗಳೇ ಕಟ್ಟಿದ ವುಡ್‌ಲ್ಯಾಂಡ್ಸ್: ಮದ್ರಾಸಿಗೆ ಉಡುಪಿ ರುಚಿ ಹತ್ತಿಸಿದ ಕೆ. ಕೃಷ್ಣ ರಾವ್ ಕಥೆ

ಹೋಟೆಲ್ ಇಡಬೇಕು ಎಂಬ ಯೋಚನೆ ಯಾರಿಗೆ ಬಂದಿಲ್ಲ ಹೇಳಿ? ನಾಲ್ಕು ಜನ ಸ್ನೇಹಿತರು ಕಾಫಿ ಕುಡಿಯುತ್ತಾ ಕೂತರೆ ಸಾಕು, ಹತ್ತು ಬಿಸಿನೆಸ್ ಐಡಿಯಾಗಳು ಹುಟ್ಟುತ್ತವೆ. ಕಾಫಿ ಮುಗಿಯುವಷ್ಟರಲ್ಲಿ ಒಂಬತ್ತು ಮರೆತುಹೋಗುತ್ತವೆ. ಹತ್ತನೆಯದು ಮುಂದಿನ ಭೇಟಿಯವರೆಗೆ ಉಳಿದರೆ ಅದೇ ಹೆಚ್ಚು.

ಸುಮಾರು ನೂರು ವರ್ಷಗಳ ಹಿಂದೆ ದಕ್ಷಿಣ ಕನ್ನಡದ ಹಳ್ಳಿಯೊಂದರಿಂದ ಮದ್ರಾಸಿಗೆ ಹೋದ ಯುವಕನೊಬ್ಬನ ಬಳಿ ಯಾರಿಗೂ ಇಲ್ಲದ ಐಡಿಯಾ ಏನೂ ಇರಲಿಲ್ಲ. ಇಡ್ಲಿ, ದೋಸೆ, ಕಾಫಿ ಎಲ್ಲವೂ ಆ ಊರಿನಲ್ಲಿ ಮೊದಲೇ ಇದ್ದವು. ಉಡುಪಿಯವರ ಹೋಟೆಲ್‌ಗಳೂ ಇದ್ದವು. ಆತನಲ್ಲಿ ಇದ್ದದ್ದು ಬೇರೆಯದೇ ಗುಣ. ಅವಕಾಶ ಎದುರಿಗೆ ಬಂದಾಗ, ಎಲ್ಲ ಸರಿಹೋಗಲಿ ಎಂದು ಕಾಯದೆ ಇದ್ದಷ್ಟರಲ್ಲೇ ಕೆಲಸ ಶುರುಮಾಡುವುದು.

ಆ ಯುವಕನೇ ಕಡಂದಲೆ ಕೃಷ್ಣ ರಾವ್. ಇಂದಿಗೂ ಚೆನ್ನೈನ ಡಾ. ರಾಧಾಕೃಷ್ಣನ್ ರಸ್ತೆಯಲ್ಲಿ ನಿಂತಿರುವ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲ್ ಅವರು ಕಟ್ಟಿದ್ದು. ದೇಶ ವಿದೇಶಗಳಲ್ಲಿ ವುಡ್‌ಲ್ಯಾಂಡ್ಸ್ ಎಂಬ ಇಂಗ್ಲಿಷ್ ಪದ ಉಡುಪಿ ಊಟದ ಇನ್ನೊಂದು ಹೆಸರಾಗಿ ಬಳಕೆಗೆ ಬಂದದ್ದು ಅವರಿಂದ.

ಕಡಂದಲೆಯಿಂದ ಮದ್ರಾಸಿಗೆ

ಮೂಡುಬಿದಿರೆ ಸಮೀಪದ ಕಡಂದಲೆಯಲ್ಲಿ ಕೃಷ್ಣ ರಾವ್ ಹುಟ್ಟಿದ್ದು 1898ರಲ್ಲಿ. ಬಡ ಬ್ರಾಹ್ಮಣ ಕುಟುಂಬ. ಹೆಚ್ಚಿನ ಓದು ಕೈಗೆಟುಕಲಿಲ್ಲ. ಆ ಕಾಲದಲ್ಲಿ ಕರಾವಳಿಯ ಇಂಥ ಮನೆಗಳ ಹುಡುಗರ ಮುಂದೆ ಇದ್ದ ದಾರಿಗಳು ಬೆರಳೆಣಿಕೆಯಷ್ಟು: ಪೂಜೆ, ಅಡುಗೆ, ಇಲ್ಲವೇ ಊರು ಬಿಡುವುದು. ಕೃಷ್ಣ ರಾವ್ ಉಡುಪಿಯ ಮಠದ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತರು. ಆಮೇಲೆ ಊರನ್ನೂ ಬಿಟ್ಟರು.

ಉಡುಪಿಯ ಮಠಗಳ ಅಡುಗೆಮನೆ ಎಂದರೆ ಸಣ್ಣ ಪಾಠಶಾಲೆಯಲ್ಲ. ಎಂಟು ಮಠಗಳು ಎರಡು ವರ್ಷಕ್ಕೊಮ್ಮೆ ಸರದಿಯಂತೆ ಕೃಷ್ಣನ ಪೂಜೆಯ ಹೊಣೆ ಹೊರುವ ಪರ್ಯಾಯ ಪದ್ಧತಿ ಅಲ್ಲಿಯದು. ಪೂಜೆಯ ಜೊತೆಗೆ ಅನ್ನದಾನದ ಹೊಣೆಯೂ ಬರುತ್ತದೆ. ಸಾವಿರಾರು ಜನರಿಗೆ ಹೊತ್ತಿಗೆ ಸರಿಯಾಗಿ, ಒಂದೇ ರುಚಿಯಲ್ಲಿ, ಮಡಿ ಕೆಡದಂತೆ ಊಟ ಬಡಿಸುವ ಶಿಸ್ತನ್ನು ಅಲ್ಲಿನ ಒಲೆಗಳ ಮುಂದೆ ನಿಂತವರು ಪುಸ್ತಕವಿಲ್ಲದೆ ಕಲಿಯುತ್ತಿದ್ದರು. ಮುಂದೆ ದೇಶದ ತುಂಬ ಹರಡಿದ ಉಡುಪಿ ಹೋಟೆಲ್‌ಗಳ ಬೇರು ಇದೇ ಶಿಸ್ತಿನಲ್ಲಿದೆ.

ಮದ್ರಾಸೇ ಏಕೆ? ಇಂದಿನ ಓದುಗರಿಗೆ ಅದು ಬೇರೆ ರಾಜ್ಯದ ರಾಜಧಾನಿ. ಅಂದು ಹಾಗಿರಲಿಲ್ಲ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯ ರಚನೆ ಆಗುವವರೆಗೂ ದಕ್ಷಿಣ ಕನ್ನಡ ಮದ್ರಾಸ್ ಆಡಳಿತಕ್ಕೇ ಸೇರಿತ್ತು. ಉಡುಪಿ, ಮಂಗಳೂರಿನವರಿಗೆ ಕೋರ್ಟು, ಕಾಲೇಜು, ಸರಕಾರ ಎಲ್ಲಕ್ಕೂ ಮದ್ರಾಸೇ ರಾಜಧಾನಿ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮಂಗಳೂರಿಗೆ ರೈಲು ಬಂದಿತ್ತು. ಘಟ್ಟ ಹತ್ತಿ ಬೆಂಗಳೂರು ತಲುಪುವುದಕ್ಕಿಂತ ಮಲಬಾರಿನ ಮಾರ್ಗವಾಗಿ ಮದ್ರಾಸಿಗೆ ರೈಲು ಹಿಡಿಯುವುದು ಎಷ್ಟೋ ಜನರಿಗೆ ಸುಲಭವಾಗಿತ್ತು. 1923ರ ಭೀಕರ ನೆರೆ, ಕರಾವಳಿಯ ಜನ ಇಂದಿಗೂ ಮಾರಿಬೊಳ್ಳ ಎಂದು ನೆನೆಯುವ ಆ ನೆರೆ, ಕರಾವಳಿಯ ಬಡತನವನ್ನು ಇನ್ನಷ್ಟು ಹೆಚ್ಚಿಸಿತು.

1920ರ ದಶಕದ ಮೊದಲ ವರ್ಷಗಳಲ್ಲಿ ಕೃಷ್ಣ ರಾವ್ ಮದ್ರಾಸಿಗೆ ಬಂದರು. ಸಿಕ್ಕಿದ್ದು ಹೋಟೆಲ್ ಕೆಲಸ. ರುಬ್ಬುವುದು, ಪಾತ್ರೆ ತೊಳೆಯುವುದು, ಹೇಳಿದ್ದು ಮಾಡುವುದು. ಉಡುಪಿ ಹೋಟೆಲ್‌ಗಳ ಏಣಿಯ ಕೊನೆಯ ಮೆಟ್ಟಿಲು ಅದು. ಕ್ಲೀನರ್ ಆಗಿ ಬಂದವ ಸಪ್ಲೈಯರ್ ಆಗಬೇಕು, ಆಮೇಲೆ ಅಡುಗೆಗೆ, ಅದೃಷ್ಟವಿದ್ದರೆ ಒಂದು ದಿನ ಗಲ್ಲಾದ ಹಿಂದೆ. ಹೆಚ್ಚಿನವರ ಪಯಣ ಮಧ್ಯದಲ್ಲೇ ನಿಂತುಬಿಡುತ್ತಿತ್ತು.

ಕೈಯಲ್ಲಿ ಕಾಸಿಲ್ಲ, ಆದರೂ ಅಂಗಡಿ

ಕೃಷ್ಣ ರಾವ್ ಬದುಕಿನ ಮೊದಲ ತಿರುವು ಬಂದದ್ದು ಜಾರ್ಜ್ ಟೌನ್‌ನಲ್ಲಿ. ಬಂದರಿಗೆ ಹತ್ತಿರದ, ಮಂಡಿ ವ್ಯಾಪಾರಿಗಳು, ಗುಮಾಸ್ತರು, ಕೂಲಿಗಳಿಂದ ಗಿಜಿಗುಡುವ ಪ್ರದೇಶವದು. ಅಲ್ಲಿನ ಆಚಾರಪ್ಪನ್ ಬೀದಿಯಲ್ಲಿದ್ದ ಪುಟ್ಟ ಹೋಟೆಲೊಂದನ್ನು ಅದರ ಮಾಲೀಕರು ಮಾರಲು ಮುಂದಾದರು. ಬೆಲೆ 700 ರೂಪಾಯಿ. ಕೃಷ್ಣ ರಾವ್ ಬಳಿ ಅಷ್ಟು ಹಣ ಇರಲಿಲ್ಲ. ತಿಂಗಳಿಗೆ 50 ರೂಪಾಯಿಯಂತೆ ಕಂತಿನಲ್ಲಿ ತೀರಿಸುವ ಒಪ್ಪಂದವಾಯಿತು ಎಂದು ಅವರ ಜೀವನದ ಬಗ್ಗೆ ಬರೆದವರು ದಾಖಲಿಸಿದ್ದಾರೆ.

ಈ ಲೆಕ್ಕವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ತಿಂಗಳಿಗೆ 50 ಎಂದರೆ 14 ತಿಂಗಳು. ಆ 14 ತಿಂಗಳೂ ಅಕ್ಕಿ, ಉದ್ದು, ಹಾಲು, ಸೌದೆ, ಬಾಡಿಗೆ, ಕೆಲಸದವರ ಸಂಬಳ ಎಲ್ಲ ಕಳೆದು 50 ರೂಪಾಯಿ ಮಿಗಲೇಬೇಕು. ಒಂದು ತಿಂಗಳು ವ್ಯಾಪಾರ ಬಿದ್ದರೂ ಕೊಟ್ಟ ಮಾತು ತಪ್ಪುತ್ತದೆ. ಮಾತು ತಪ್ಪಿದವನಿಗೆ ಆ ಬೀದಿಗಳಲ್ಲಿ ಮತ್ತೆ ಸಾಲ ಹುಟ್ಟುವುದು ಕಷ್ಟ. ಸಂಬಳದ ಕೆಲಸ ಬಿಟ್ಟು ಇಂಥ ಹೊಣೆ ಹೊರುವುದಕ್ಕೆ ಯೋಚನೆ ಸಾಲದು, ಧೈರ್ಯ ಬೇಕು. ಧೈರ್ಯವೂ ಸಾಲದು, ಬೆಳಗಿನ ಜಾವ ಎದ್ದು ಒಲೆ ಹಚ್ಚುವ ಅಭ್ಯಾಸ ಬೇಕು.

ಕೃಷ್ಣ ರಾವ್ ಕೈಯಲ್ಲಿದ್ದ ಬಂಡವಾಳ ಅದೇ. ಹಿಟ್ಟು ಎಷ್ಟು ಹುಳಿ ಬಂದರೆ ದೋಸೆ ಗರಿಯಾಗುತ್ತದೆ, ಎಷ್ಟು ತೊಗರಿಬೇಳೆಗೆ ಎಷ್ಟು ಜನರ ಸಾಂಬಾರು, ಯಾವ ಹೊತ್ತಿಗೆ ಗಿರಾಕಿ ಮುಗಿಬೀಳುತ್ತಾರೆ ಎಂಬುದು ಗಲ್ಲಾದಲ್ಲಿ ಕೂತವರಿಗಿಂತ ಒಲೆಯ ಮುಂದೆ ನಿಂತವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೌಂಟ್ ರೋಡಿನ ಮೇಲೆ ಉಡುಪಿ ಬೋರ್ಡು

ಜಾರ್ಜ್ ಟೌನ್‌ನಲ್ಲಿ ಕಾಲೂರಿದವರು ಅಲ್ಲೇ ಉಳಿಯಬಹುದಿತ್ತು. ಗಿರಾಕಿ ಇದ್ದರು, ಪರಿಚಯ ಇತ್ತು. ಆದರೆ ಕೃಷ್ಣ ರಾವ್ ಕಣ್ಣಿಟ್ಟದ್ದು ಮೌಂಟ್ ರೋಡಿನ ಮೇಲೆ. ಇಂದು ಅಣ್ಣಾ ಸಾಲೈ ಎಂದು ಕರೆಯುವ ಆ ರಸ್ತೆ ಅಂದು ಮದ್ರಾಸಿನ ದೊಡ್ಡವರ ಬೀದಿ. ಸ್ಪೆನ್ಸರ್ಸ್, ಹಿಗ್ಗಿನ್‌ಬಾಥಮ್ಸ್, ಪಿ. ಓರ್ ಅಂಡ್ ಸನ್ಸ್‌ನಂತಹ ಆಂಗ್ಲ ಹೆಸರುಗಳ ಮಳಿಗೆಗಳು ಸಾಲಾಗಿ ನಿಂತಿದ್ದ ರಸ್ತೆ. ಅಲ್ಲಿ ರೌಂಡ್ ಠಾಣಾ ಬಳಿ ಉಡುಪಿ ಶ್ರೀಕೃಷ್ಣ ವಿಲಾಸ ಶುರುವಾಯಿತು.

ಇದು ಕೇವಲ ವಿಳಾಸ ಬದಲಾವಣೆಯಲ್ಲ. ಪೇಟೆಯ ಗುಮಾಸ್ತನಿಗೆ ಬೇಕಾದದ್ದು ಬೇಗ, ಅಗ್ಗ, ಹೊಟ್ಟೆ ತುಂಬ. ಮೌಂಟ್ ರೋಡಿಗೆ ಬರುವ ವಕೀಲ, ಅಧಿಕಾರಿ, ಕುಟುಂಬ ಸಮೇತ ಬರುವ ಮಧ್ಯಮ ವರ್ಗದವರಿಗೆ ರುಚಿಯ ಜೊತೆಗೆ ಚೊಕ್ಕಟವೂ ಬೇಕು, ಕೂರಲು ಒಳ್ಳೆಯ ಜಾಗವೂ ಬೇಕು. ಹೊರಗೆ ತಿನ್ನುವುದೇ ತಪ್ಪು ಎಂದು ನಂಬಿದ್ದ ಮನೆಗಳ ಜನ ನಿಧಾನವಾಗಿ ಹೋಟೆಲಿನ ಬಾಗಿಲು ದಾಟುತ್ತಿದ್ದ ಕಾಲ ಅದು. ಅವರ ನಂಬಿಕೆ ಗಳಿಸಿದ್ದು ಉಡುಪಿ ಹೆಸರು ಮತ್ತು ಒಳಗಿನ ಶುಚಿ.

ಮರಗಳ ನಡುವಿನ ಬಂಗಲೆಗೆ ಹೊಸ ಹೆಸರು

1938. ಕೃಷ್ಣ ರಾವ್‌ಗೆ ನಲವತ್ತರ ಪ್ರಾಯ. ರಾಯಪೇಟೆಯಲ್ಲಿ ಜಮೀನ್ದಾರಿ ಮನೆತನಕ್ಕೆ ಸೇರಿದ್ದ, ಮರಗಳಿಂದ ತುಂಬಿದ ದೊಡ್ಡ ಬಂಗಲೆಯೊಂದನ್ನು ಅವರು ಗುತ್ತಿಗೆಗೆ ಹಿಡಿದರು. ಊಟದ ಜೊತೆಗೆ ತಂಗುವ ವ್ಯವಸ್ಥೆಯೂ ಇರುವ ಹೋಟೆಲ್ ಅಲ್ಲಿ ಆರಂಭವಾಯಿತು. ಆವರಣದ ತುಂಬ ಮರಗಳಿದ್ದುದರಿಂದ ಹೆಸರು ವುಡ್‌ಲ್ಯಾಂಡ್ಸ್.

ಈ ನಡೆಯ ಮಹತ್ವ ತಿಳಿಯಬೇಕಾದರೆ ಅಂದಿನ ಮದ್ರಾಸಿನ ಸ್ಥಿತಿ ನೋಡಬೇಕು. ಊರಿಗೆ ಬಂದ ಬಿಳಿಯರಿಗೆ, ಸಿರಿವಂತರಿಗೆ ಕನ್ನೆಮಾರಾದಂತಹ ಹೋಟೆಲ್‌ಗಳಿದ್ದವು. ಯಾತ್ರಿಕರಿಗೆ, ಬಡವರಿಗೆ ಛತ್ರಗಳಿದ್ದವು. ಇವೆರಡರ ನಡುವೆ ಬರುವವರು ಎಲ್ಲಿ ಹೋಗಬೇಕು? ಹೈಕೋರ್ಟಿನ ಕೇಸಿಗೆ ಬಂದ ಜಮೀನುದಾರ, ವ್ಯಾಪಾರಕ್ಕೆ ಬಂದ ಸಾಹುಕಾರ, ಮಗನನ್ನು ಕಾಲೇಜಿಗೆ ಸೇರಿಸಲು ಬಂದ ತಂದೆ, ಮದುವೆ ಮಾತುಕತೆಗೆ ಬಂದ ಕುಟುಂಬ. ಇವರಿಗೆ ಶುದ್ಧ ಸಸ್ಯಾಹಾರ ಬೇಕು, ಮರ್ಯಾದೆಯ ಕೋಣೆ ಬೇಕು, ಕೈಗೆಟುಕುವ ದರ ಬೇಕು.

ಈ ಕೊರತೆ ಕೃಷ್ಣ ರಾವ್ ಒಬ್ಬರ ಕಣ್ಣಿಗೇ ಬಿದ್ದಿತ್ತು ಎಂದೇನಲ್ಲ. ಮದ್ರಾಸಿಗೆ ಬಂದು ಜಾಗ ಸಿಗದೆ ಪರದಾಡಿದ ಪ್ರತಿಯೊಬ್ಬನಿಗೂ ಅದು ಗೊತ್ತಿತ್ತು. ಆದರೆ ಗುತ್ತಿಗೆ ಪತ್ರಕ್ಕೆ ಸಹಿ ಹಾಕಿ, ಬಂಗಲೆಯ ಕೋಣೆಗಳನ್ನು ಅತಿಥಿಗಳಿಗೆ ಅಣಿಮಾಡಿ, ಅಡುಗೆಮನೆ ಕಟ್ಟಿ, ಬಾಡಿಗೆಯ ಹೊರೆ ತಲೆಯ ಮೇಲೆ ಹೊತ್ತವರು ಅವರು.

ಬಾಗಿಲು ತೆರೆದ ಮರುವರ್ಷವೇ ಎರಡನೇ ಮಹಾಯುದ್ಧ ಶುರುವಾಯಿತು. 1942ರ ಏಪ್ರಿಲ್‌ನಲ್ಲಿ ಜಪಾನಿನ ದಾಳಿಯ ಭಯಕ್ಕೆ ಮದ್ರಾಸಿನ ಜನ ಗುಂಪುಗುಂಪಾಗಿ ಊರು ಬಿಟ್ಟರು. ಸರಕಾರಿ ಕಚೇರಿಗಳೇ ಒಳನಾಡಿಗೆ ಹೋದವು. ಆಮೇಲೆ ಅಕ್ಕಿಗೆ ಪಡಿತರ ಬಂತು. ಇಡ್ಲಿ, ದೋಸೆ, ಅನ್ನವನ್ನೇ ನಂಬಿದ ಹೋಟೆಲ್‌ಗೆ ಅಕ್ಕಿಯೇ ಅಳೆದು ಸಿಗುವ ಕಾಲ ಎಂದರೆ ಏನೆಂದು ಊಹಿಸಬಹುದು. ಅಂಥ ವರ್ಷಗಳನ್ನೂ ವುಡ್‌ಲ್ಯಾಂಡ್ಸ್ ದಾಟಿತು.

ಮತ್ತೆ ಮೊದಲಿನಿಂದ

ಗುತ್ತಿಗೆಯ ಜಾಗದ ವ್ಯಾಪಾರಕ್ಕೆ ಒಂದು ಭಯ ಯಾವಾಗಲೂ ಇರುತ್ತದೆ. ಹೆಸರು ನಿಮ್ಮದು, ದುಡಿಮೆ ನಿಮ್ಮದು, ನೆಲ ಇನ್ನೊಬ್ಬರದು. 1952ರಲ್ಲಿ ಕೃಷ್ಣ ರಾವ್ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಆ ರಸ್ತೆಗೆ ಈಗ ಡಾ. ರಾಧಾಕೃಷ್ಣನ್ ಅವರ ಹೆಸರಿದೆ. ಹದಿನಾಲ್ಕು ವರ್ಷ ಬೆಳೆಸಿದ ಹೆಸರನ್ನು ಹೊಸ ಜಾಗಕ್ಕೆ ಹೊತ್ತೊಯ್ದು, ಅದರ ಹಿಂದೆ ನ್ಯೂ ಎಂಬ ಒಂದು ಪದ ಸೇರಿಸಿದರು. ಗಿರಾಕಿಗಳು ಹೊಸ ವಿಳಾಸ ಹುಡುಕಿಕೊಂಡು ಬಂದರು. ಹೋಟೆಲಿನ ನಿಜವಾದ ಆಸ್ತಿ ಕಟ್ಟಡವಲ್ಲ ಎಂಬುದು ಅಲ್ಲಿ ಸಾಬೀತಾಯಿತು.

ಮೈಲಾಪುರಕ್ಕೆ ಅಂಟಿಕೊಂಡ ಆ ಜಾಗದ ಆಯ್ಕೆಯೂ ಲೆಕ್ಕಾಚಾರದ್ದೇ. ಸುತ್ತ ವಕೀಲರು, ಅಧಿಕಾರಿಗಳು, ಸಂಗೀತ ಸಭೆಗಳು. ಮಾರ್ಗಶಿರ ಬಂತೆಂದರೆ ಕಛೇರಿಗಳ ಸುಗ್ಗಿ. ಮದುವೆ, ಉಪನಯನ, ಸಭೆ ಸಮಾರಂಭಗಳಿಗೆ ಜಾಗ ಬೇಕಾದ ಜನ. ಆ ಕಾಲದಲ್ಲಿ ಕನ್ನಡ ಚಿತ್ರಗಳ ಬಹುಪಾಲು ಕೆಲಸವೂ ಮದ್ರಾಸಿನ ಸ್ಟುಡಿಯೋಗಳಲ್ಲೇ ನಡೆಯುತ್ತಿತ್ತು. ಕರ್ನಾಟಕದಿಂದ ಬಂದವರಿಗೆ ಮನೆ ಊಟ ನೆನಪಾದಾಗ ನಗರದ ಉಡುಪಿ ಹೋಟೆಲ್‌ಗಳೇ ಗತಿ.

ಕೃಷ್ಣ ರಾವ್ ಒಬ್ಬರೇ ಈ ದಾರಿಯಲ್ಲಿ ಇರಲಿಲ್ಲ. ಕುತ್ತೆತ್ತೂರು ಸೀತಾರಾಮ ರಾವ್ ಮೈಸೂರಿನಿಂದ ಶುರುಮಾಡಿದ ದಾಸಪ್ರಕಾಶ ಮದ್ರಾಸಿನ ಪೂನಮಲ್ಲಿ ಹೈ ರೋಡಿನಲ್ಲಿ ದೊಡ್ಡ ಹೋಟೆಲಾಗಿ ಎದ್ದು ನಿಂತಿತು. ಬೆಂಗಳೂರಿನಲ್ಲಿ ಪರಂಪಳ್ಳಿ ಯಜ್ಞನಾರಾಯಣ ಮಯ್ಯ ಸೋದರರು 1924ರಲ್ಲೇ ಎಂಟಿಆರ್‌ಗೆ ಬುನಾದಿ ಹಾಕಿದ್ದರು. ಎಲ್ಲರ ಊರೂ ಕರಾವಳಿ, ಎಲ್ಲರ ಕೈಯಲ್ಲಿದ್ದದ್ದೂ ಹೆಚ್ಚು ಕಡಿಮೆ ಅದೇ ಅಡುಗೆ. ಇವರ ಜೊತೆಗೇ ಊರು ಬಿಟ್ಟ ಇನ್ನೂ ನೂರಾರು ಜನರಿಗೂ ಅದೇ ಅಡುಗೆ ಬರುತ್ತಿತ್ತು. ವ್ಯತ್ಯಾಸ ಇದ್ದದ್ದು ಕಲಿತದ್ದನ್ನು ವ್ಯವಸ್ಥೆಯಾಗಿ ಮಾಡುವುದರಲ್ಲಿ.

ಮಸಾಲೆ ದೋಸೆ ಯಾರದು?

ಮಸಾಲೆ ದೋಸೆಯನ್ನು ಕಂಡುಹಿಡಿದವರೇ ಕೃಷ್ಣ ರಾವ್ ಎಂಬ ಮಾತು ಹಲವೆಡೆ ಕೇಳಿಬರುತ್ತದೆ. ತಿಂಡಿಗಳ ಹುಟ್ಟಿಗೆ ಪೇಟೆಂಟ್ ಇರುವುದಿಲ್ಲ. ದೋಸೆ ಹಳೆಯದು, ಆಲೂಗಡ್ಡೆ ಪಲ್ಯವೂ ಹೊಸದಲ್ಲ. ಎರಡನ್ನೂ ಒಂದು ಮಾಡುವ ಯೋಚನೆ ಒಬ್ಬರಿಗಿಂತ ಹೆಚ್ಚು ಅಡುಗೆಯವರಿಗೆ ಬಂದಿರಬಹುದು.

ಆದರೆ ಒಂದು ವಿಷಯ ಗಮನಿಸಬೇಕು. ಮಠದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗೆ ಜಾಗವಿಲ್ಲ. ಹೋಟೆಲಿನ ಸಾಂಬಾರು, ಪಲ್ಯಕ್ಕೆ ಈರುಳ್ಳಿ ಬೇಕೇ ಬೇಕು. ಮಠದಲ್ಲಿ ಕಲಿತವರು ಹೋಟೆಲಿನಲ್ಲಿ ಈರುಳ್ಳಿ ಹೆಚ್ಚಲು ಶುರುಮಾಡಿದರು ಎಂದರೆ ಅವರು ಗಿರಾಕಿಯ ನಾಲಿಗೆಗೆ ಕಿವಿಗೊಟ್ಟರು ಎಂದರ್ಥ. ಶುಚಿ, ಶಿಸ್ತು, ಸಮಯಪಾಲನೆಯನ್ನು ಮಠದಿಂದ ತಂದರು. ನಿಷೇಧಗಳನ್ನು ಅಲ್ಲೇ ಬಿಟ್ಟು ಬಂದರು. ಮಸಾಲೆ ದೋಸೆ ಮೊದಲು ಯಾರ ಕಾವಲಿಯ ಮೇಲೆ ಬೆಂದಿತೋ, ಅದನ್ನು ದಿನಕ್ಕೆ ನೂರಾರು ಸಲ, ಒಂದೇ ಬಣ್ಣ, ಒಂದೇ ಗರಿ, ಒಂದೇ ಅಳತೆಯಲ್ಲಿ ಕೊಟ್ಟು ಪಟ್ಟಣದ ಅಭ್ಯಾಸವನ್ನಾಗಿ ಮಾಡಿದ್ದು ವುಡ್‌ಲ್ಯಾಂಡ್ಸ್‌ನಂತಹ ಹೋಟೆಲ್‌ಗಳು.

ಬೋರ್ಡಿನಿಂದ ಅಳಿಸಿದ ಪದ

ಉಡುಪಿ ಹೋಟೆಲ್‌ಗಳ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಬಿಟ್ಟು ಹೇಳಿದರೆ ಕಥೆ ಪೂರ್ತಿಯಾಗುವುದಿಲ್ಲ. ಆ ಕಾಲದ ಎಷ್ಟೋ ಹೋಟೆಲ್‌ಗಳ ಬೋರ್ಡಿನ ಮೇಲೆ ಬ್ರಾಹ್ಮಣರ ಹೋಟೆಲ್ ಎಂಬ ಮಾತು ಇರುತ್ತಿತ್ತು. ಕೆಲವೆಡೆ ಬ್ರಾಹ್ಮಣರಿಗೆ ಬೇರೆ ಜಾಗ, ಉಳಿದವರಿಗೆ ಬೇರೆ ಜಾಗ. ದಲಿತರಿಗೆ ಬಾಗಿಲೇ ಮುಚ್ಚಿದ್ದ ಜಾಗಗಳೂ ಇದ್ದವು.

ಮದ್ರಾಸಿನಲ್ಲಿ ಇದರ ವಿರುದ್ಧ ದೊಡ್ಡ ದನಿ ಎದ್ದಿತು. 1957ರಲ್ಲಿ ಪೆರಿಯಾರ್ ನೇತೃತ್ವದ ದ್ರಾವಿಡ ಕಳಗಂ ಕಾರ್ಯಕರ್ತರು ಟ್ರಿಪ್ಲಿಕೇನಿನ ಮುರಳೀಸ್ ಕೆಫೆ ಮುಂದೆ ಬೋರ್ಡಿನ ಆ ಪದ ಅಳಿಸಬೇಕೆಂದು ತಿಂಗಳುಗಟ್ಟಲೆ ಪಿಕೆಟಿಂಗ್ ನಡೆಸಿದರು. ಕೊನೆಗೆ ಪದ ಹೋಯಿತು. ಯಾರು ಬೇಕಾದರೂ ಬಂದು ಯಾರ ಪಕ್ಕದಲ್ಲಾದರೂ ಕೂತು ಕಾಫಿ ಕುಡಿಯಬಹುದಾದ ಹೋಟೆಲ್ ತಾನಾಗಿ ಹುಟ್ಟಲಿಲ್ಲ. ಅದರ ಹಿಂದೆ ಮಾಲೀಕರ ವ್ಯಾಪಾರ ಬುದ್ಧಿಯಷ್ಟೇ ಹೊರಗೆ ನಿಂತು ಹೋರಾಡಿದವರ ಪಾಲೂ ಇದೆ. ಎಲ್ಲರಿಗೂ ಊಟ ಎಂಬುದು ಒಳ್ಳೆಯ ಐಡಿಯಾ ಎಂದು ಒಪ್ಪಿದವರು ಬಹಳ. ಅದೂ ಜಾರಿಗೆ ಬಂದದ್ದು ಯಾರೋ ಬೀದಿಗೆ ಇಳಿದ ಮೇಲೆ.

ಕಾರಿನ ಬಾಗಿಲಿಗೇ ಬಂದ ಕಾಫಿ

1962ರಲ್ಲಿ ಕೃಷ್ಣ ರಾವ್ ಅರವತ್ತು ದಾಟಿದ್ದರು. ಕೈತುಂಬ ವ್ಯಾಪಾರ, ಊರು ತುಂಬ ಹೆಸರು. ಸುಮ್ಮನೆ ಕೂರಬಹುದಾದ ವಯಸ್ಸು. ಆ ವರ್ಷ ಕ್ಯಾಥಡ್ರಲ್ ರಸ್ತೆಯಲ್ಲಿ, ತೋಟಗಾರಿಕೆ ಸೊಸೈಟಿಯ ಹಸಿರು ಜಾಗದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ತೆರೆಯಿತು.

ಡ್ರೈವ್ ಇನ್ ಅಮೆರಿಕದಲ್ಲಿ ಹುಟ್ಟಿದ ಕಲ್ಪನೆ. ಮನೆಮನೆಗೆ ಕಾರು ಇದ್ದ ದೇಶದ್ದು. 1962ರ ಮದ್ರಾಸಿನಲ್ಲಿ ಕಾರು ಇದ್ದವರು ಎಷ್ಟು ಮಂದಿ? ಕಾಗದದ ಮೇಲೆ ಲೆಕ್ಕ ಹಾಕಿದ್ದರೆ ಯಾರೂ ಇದಕ್ಕೆ ಕೈ ಹಾಕುತ್ತಿರಲಿಲ್ಲ. ಕಾರಿನ ಕಿಟಕಿಗೆ ಸಿಕ್ಕಿಸಿದ ತಟ್ಟೆಯಲ್ಲಿ ಬಿಸಿ ದೋಸೆ, ಫಿಲ್ಟರ್ ಕಾಫಿ. ಕಾರಿಲ್ಲದವರಿಗೆ ಒಳಗೆ ಮೇಜು ಕುರ್ಚಿ. ಸುತ್ತ ಮರಗಳ ನೆರಳು.

ನಡೆದದ್ದೇ ಬೇರೆ. ಕಾರಿನವರಿಗೆಂದು ಮಾಡಿದ ಜಾಗಕ್ಕೆ ಸೈಕಲ್ಲಿನವರೂ ನಡೆದು ಬಂದವರೂ ತುಂಬಿಕೊಂಡರು. ಕಾಲೇಜು ಹುಡುಗರು, ಬರಹಗಾರರು, ಬ್ಯಾಗು ಹಿಡಿದು ಊರು ಸುತ್ತುವ ಮೆಡಿಕಲ್ ರೆಪ್‌ಗಳು, ಹತ್ತಿರದ ಜೆಮಿನಿ ಸ್ಟುಡಿಯೋ ಕಡೆಯ ಸಿನಿಮಾ ಮಂದಿ, ವಾಕಿಂಗ್ ಮುಗಿಸಿ ಬಂದ ನಿವೃತ್ತರು. ಒಂದು ಕಾಫಿಗೆ ಗಂಟೆಗಟ್ಟಲೆ ಕೂತರೂ ಎಬ್ಬಿಸದ ಜಾಗ ಎಂದು ಅದು ಹೆಸರಾಯಿತು. ಎರಡು ಮೂರು ತಲೆಮಾರಿನ ಮದ್ರಾಸಿಗರ ಸ್ನೇಹ, ಪ್ರೇಮ, ವ್ಯವಹಾರ ಎಲ್ಲಕ್ಕೂ ಅದರ ಮರಗಳು ಸಾಕ್ಷಿ.

ಯೋಚನೆ ಕಾರ್ಯರೂಪಕ್ಕೆ ಬರಬೇಕು ಎನ್ನುವುದಕ್ಕೆ ಇಲ್ಲಿ ಇನ್ನೊಂದು ಕಾರಣ ಸಿಗುತ್ತದೆ. ತಲೆಯೊಳಗೆ ಇರುವವರೆಗೂ ಐಡಿಯಾ ಒಂದೇ ರೂಪದಲ್ಲಿ ಇರುತ್ತದೆ. ಬಾಗಿಲು ತೆರೆದ ಮೇಲೆ ಅದನ್ನು ಗಿರಾಕಿ ತನಗೆ ಬೇಕಾದಂತೆ ಬದಲಿಸುತ್ತಾನೆ. ಡ್ರೈವ್ ಇನ್ ಉಳಿದದ್ದು ಕಾರುಗಳಿಂದಲ್ಲ, ಮಾಲೀಕ ಲೆಕ್ಕ ಹಾಕಿರದ ಗಿರಾಕಿಗಳಿಂದ.

ಹೋದದ್ದು, ಉಳಿದದ್ದು

1990ರಲ್ಲಿ ಕೃಷ್ಣ ರಾವ್ ತೀರಿಕೊಂಡರು. ತೊಂಬತ್ತು ದಾಟಿದ ಬದುಕು. ಅಷ್ಟರಲ್ಲಿ ವುಡ್‌ಲ್ಯಾಂಡ್ಸ್ ಹೆಸರು ಲಂಡನ್ ಸೇರಿದಂತೆ ವಿದೇಶದ ನಗರಗಳಲ್ಲೂ ಕಾಣಿಸಿಕೊಂಡಿತ್ತು. ಕುಟುಂಬದವರು ವ್ಯಾಪಾರ ಮುಂದುವರಿಸಿದರು.

ಡ್ರೈವ್ ಇನ್ ಉಳಿಯಲಿಲ್ಲ. ಅದರ ನೆಲವೂ ಸ್ವಂತದ್ದಾಗಿರಲಿಲ್ಲ. ಜಾಗದ ತಕರಾರು ಬೆಳೆದು, ಸರಕಾರ ಜಾಗ ವಾಪಸು ಪಡೆದು, 2008ರಲ್ಲಿ ಬಾಗಿಲು ಮುಚ್ಚಿತು. ಕೊನೆಯ ಕಾಫಿ ಕುಡಿಯಲು ಹಳೆಯ ಗಿರಾಕಿಗಳು ಬಂದು ಹೋದರು. 2010ರ ನವೆಂಬರ್‌ನಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಇಂದು ಅಲ್ಲಿ ಅಡ್ಡಾಡುವವರಲ್ಲಿ ಎಷ್ಟೋ ಜನರಿಗೆ ಆ ನೆಲದ ಮೇಲೆ ಒಂದು ಕಾಲಕ್ಕೆ ದೋಸೆಯ ಪರಿಮಳ ಹರಡಿತ್ತು ಎಂಬುದೇ ತಿಳಿದಿಲ್ಲ.

ಕೃಷ್ಣ ರಾವ್ ಬದುಕನ್ನು ಒಟ್ಟಿಗೆ ನೋಡಿದರೆ ಒಂದು ಮಾದರಿ ಕಾಣುತ್ತದೆ. ಜಾರ್ಜ್ ಟೌನ್‌ನ ಅಂಗಡಿ ಕಂತಿನದು. ರಾಯಪೇಟೆಯ ಬಂಗಲೆ ಗುತ್ತಿಗೆಯದು. ಕ್ಯಾಥಡ್ರಲ್ ರಸ್ತೆಯ ತೋಟವೂ ಬೇರೆಯವರದು. ಪೂರ್ತಿ ಹಣ ಕೂಡಿದ ಮೇಲೆ, ಸ್ವಂತ ಜಾಗ ಆದ ಮೇಲೆ, ಕಾಲ ಒಳ್ಳೆಯದಾದ ಮೇಲೆ ಎಂದು ಅವರು ಕಾದಿದ್ದರೆ 1938ರಲ್ಲೂ ಶುರುಮಾಡುತ್ತಿರಲಿಲ್ಲ, 1962ರಲ್ಲೂ ಇಲ್ಲ. ಹಾಗೆ ಶುರುಮಾಡಿದ್ದಕ್ಕೆ ಬೆಲೆಯೂ ಇತ್ತು. ಬೇರೆಯವರ ನೆಲದ ಮೇಲೆ ಕಟ್ಟಿದ್ದನ್ನು ಒಂದು ದಿನ ಬಿಟ್ಟುಕೊಡಬೇಕಾಯಿತು.

ಆದರೆ ಜಾಗ ಹೋದರೂ ಕೆಲಸ ಹೋಗಲಿಲ್ಲ. ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಹೆಸರು ಒಂದು ಚಿತ್ರಮಂದಿರಕ್ಕೆ ಉಳಿದುಕೊಂಡಿತು. ರಾಧಾಕೃಷ್ಣನ್ ರಸ್ತೆಯಲ್ಲಿ ಹೋಟೆಲ್ ಇದೆ. ಕರಾವಳಿಯಿಂದ ಬರಿಗೈಯಲ್ಲಿ ಬಂದು ಇಂಥ ಅಡುಗೆಮನೆಗಳಲ್ಲಿ ಪಳಗಿದವರು ಬೇರೆ ಬೇರೆ ಊರುಗಳಲ್ಲಿ ತಮ್ಮದೇ ಉಡುಪಿ ಹೋಟೆಲ್ ತೆರೆದರು.

ಚೆನ್ನೈಗೆ ಹೋದಾಗ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಾ ಕೂತರೆ, ಒಮ್ಮೆ ಒಳಗಿನ ಅಡುಗೆಮನೆಯ ಕಡೆ ನೋಡಿ. ಅಲ್ಲಿ ಪಾತ್ರೆ ತೊಳೆಯುತ್ತಿರುವ ಹುಡುಗ ಸಿಗಬಹುದು. ಕಡಂದಲೆಯ ಕೃಷ್ಣ ರಾವ್ ಮದ್ರಾಸಿನಲ್ಲಿ ಶುರುಮಾಡಿದ್ದು ಆ ಜಾಗದಿಂದಲೇ.